ಅವಳ ಬಾಯಲ್ಲಿ ಕೆಲ್ಟರ ಕಥೆ

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ, ಈಗಲೂ ಇದೆ.

ಅವಳು ನೈರೋಬಿಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಉಡುಪಿ ಕಡೆಯವಳು, ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಾವಿದ್ದ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಒಬ್ಬಳೇ ಇದ್ದಳು. ಗಂಡನ ಔಷಧಿ ಕಂಪನಿಯ ಕೆಲಸಕ್ಕಾಗಿ ನಾವು ಇಲ್ಲಿಗೆ ಬಂದು ಎಷ್ಟೋ ವರ್ಷಗಳಾಗಿವೆ. ಆದರೂ ನಾನು ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನು ಹತ್ತುವುದು ಪರ್ಸನ್ನು ಎದೆಗೆ ಅವಚಿಕೊಂಡೇ. ಅವಳೋ, ಬಂದ ಹೊಸತರಲ್ಲೇ ಕಂಡಕ್ಟರನ ಜೊತೆ ಸ್ವಾಹಿಲಿಯಲ್ಲಿ ಜೋಕು ಹೊಡೆಯುತ್ತಿದ್ದಳು. ಶನಿವಾರ ಬೆಳಗ್ಗೆ ಕಸರಾನಿ ಕ್ರೀಡಾಂಗಣಕ್ಕೆ ಓಡಲು ಹೋಗುವಳು, ಜೊತೆಗೆ ನನ್ನ ಮಗಳನ್ನೂ ಕರೆದೊಯ್ಯುವಳು. ಹದಿಮೂರರ ಹುಡುಗಿ ನನ್ನ ಮಗಳು. ನಾನು ಎಬ್ಬಿಸಿದರೆ ಹೊದಿಕೆ ಎಳೆದುಕೊಳ್ಳುವವಳು, ಆಂಟಿ ಬರುತ್ತಾಳೆಂದರೆ ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿ ಬೆಳೆದ ಮಕ್ಕಳೆಲ್ಲ ಹಾಗೇ, ತಲೆ ಕೆಡಿಸಿಕೊಳ್ಳಬೇಡ ಎಂದು ಗೆಳತಿಯರು ಸಮಾಧಾನ ಹೇಳುತ್ತಾರೆ. ಅವರ ಸಮಾಧಾನ ಯಾರಿಗೆ ಬೇಕು? ನನಗೆ ಬೇಕಿದ್ದದ್ದು ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ, ನನಗೇ ಹೇಳಿದ್ದು.

ನಮ್ಮ ಕನ್ನಡದವರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಮೊದಲು ಭಜನೆ, ಆಮೇಲೆ ಒಬ್ಬರ ಮಾತು, ಆಮೇಲೆ ಊಟ. ತಟ್ಟೆ ಕೈಗೆ ಬರುವ ತನಕ ಇಂಗ್ಲಿಷ್ ಕೂಡದೆಂದು ಹಿರಿಯರ ಕಟ್ಟಪ್ಪಣೆ. ಮಕ್ಕಳು ಕನ್ನಡ ಕಲಿಯಲಿ ಎಂದು ಮಾಡಿದ್ದು. ಮಕ್ಕಳು ಕಲಿತದ್ದು ತಟ್ಟೆ ಬರುವ ತನಕ ತುಟಿ ಪಿಟಕ್ಕೆನ್ನದೆ ಕೂರುವುದನ್ನು.

ಚರಿತ್ರೆಯ ವಿಷಯವಿದ್ದರೆ ಮಾತು ನನ್ನದೇ. ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು. ಮಗಳ ಶಾಲೆಯಲ್ಲಿ ಆಗ ಪ್ರಾಚೀನ ಯುರೋಪಿನ ಕೆಲ್ಟರೂ ಅವರನ್ನು ಸೋಲಿಸಿದ ರೋಮನ್ನರೂ ಪಾಠಕ್ಕೆ ಬಂದಿದ್ದರು. ಅದನ್ನೇ ಹೇಳೋಣವೆಂದು ಕೂತು ಓದಿದೆ. ಈ ಸಲವಾದರೂ ತಲೆ ಎತ್ತಿ ಕೇಳಿಯಾಳು, ತಡೆಯಲಾರದೆ ಒಂದು ಪ್ರಶ್ನೆ ಕೇಳಿಯಾಳು, ಆ ಕಟ್ಟಪ್ಪಣೆಯಿಂದಾಗಿ ಅದು ಕನ್ನಡದಲ್ಲೇ ಬಂದೀತು ಎಂದು ನನ್ನ ಲೆಕ್ಕಾಚಾರ.

ಅಷ್ಟರಲ್ಲಿ ನಮ್ಮ ಗುಂಪಿನ ಹಿರಿಯರು ಫೋನ್ ಮಾಡಿದರು. "ನೋಡಮ್ಮಾ, ಈ ಸಲ ಆ ಹೊಸಬ್ರಿಗೆ ಬಿಡೋಣ. ನೀವಂತೂ ಯಾವಾಗ್ಲೂ ಇದ್ದೇ ಇದೀರಲ್ಲ."

"ಧಾರಾಳವಾಗಿ ಬಿಡಿ ಸಾರ್," ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಅವಳು ಮಾತಿಗೆ ಆರಿಸಿಕೊಂಡ ವಿಷಯ ಕೇಳಿದಾಗ ಉರಿ ಇನ್ನಷ್ಟು ಹೆಚ್ಚಿತು. ಕೆಲ್ಟರು! ಮಗಳನ್ನು ಕೇಳಿದರೆ, "ಐ ಆಸ್ಕ್ಡ್ ಹರ್ ಟು, ಅಮ್ಮಾ. ಶಿ ಮೇಕ್ಸ್ ಇಟ್ ಫನ್," ಎಂದಳು. ನಾನು ಡೈನಿಂಗ್ ಟೇಬಲ್ ತುಂಬ ಪುಸ್ತಕ ಹರಡಿಕೊಂಡು ಕೂತಿದ್ದನ್ನು ಮಗಳು ದಿನವೂ ನೋಡಿದ್ದಳು. ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಭಾನುವಾರ ಮೇಲಿನ ಮಹಡಿಯವಳು ಜೀನ್ಸ್ ಮೇಲೆ ಕೈಮಗ್ಗದ ಕುರ್ತಾ ಹಾಕಿಕೊಂಡು ಬಂದಳು. ನಾನು ಉಟ್ಟಿದ್ದ ರೇಷ್ಮೆ ಸೀರೆ ತಟ್ಟನೆ ಮದುವೆಮನೆಯದ್ದಾಗಿ ಕಂಡಿತು. ಅವಳು ಸೋಫಾ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂತಳು. ಕೆಲ್ಟರು ಯುದ್ಧಕ್ಕೆ ಹೊರಟಾಗ ಊದುತ್ತಿದ್ದ ಉದ್ದನೆಯ ಕಹಳೆ ನಮ್ಮೂರಿನ ಕೊಂಬಿನ ಹಾಗೇ ಇತ್ತೆಂದು ಹೇಳಿ, ಎರಡೂ ಕೈ ಬಾಯಿಗಿಟ್ಟು ಊದಿ ತೋರಿಸಿದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ನನ್ನ ಗಂಡನೂ ನಕ್ಕ. ಹತ್ತಿರ ಬಗ್ಗಿ, "ಎಷ್ಟು ಚೆನ್ನಾಗಿ ಹೇಳ್ತಾರೆ ಅಲ್ವಾ?" ಎಂದ. ನಾನು ಅವನ ಕಡೆ ತಿರುಗಲಿಲ್ಲ.

"ಅವರ ಪುರೋಹಿತರಿಗೆ ಎಲ್ಲ ಬಾಯಿಪಾಠ ಮಾರಾಯ್ರೆ, ಬರೆದಿಡುವ ಕ್ರಮವೇ ಇಲ್ಲ," ಎಂದಳು ಅವಳು. "ಹಾಗಾಗಿ ನಮಗೆ ಅವರ ಸುದ್ದಿ ಗೊತ್ತುಂಟಲ್ಲ, ಅದರಲ್ಲಿ ಹೆಚ್ಚಿನದು ಅವರನ್ನು ಸೋಲಿಸಿದವರು ಬರೆದದ್ದು. ಅವರ ಮಾತನ್ನು ಎಷ್ಟು ನಂಬುವುದು ಹೇಳಿ?"

ಆ ಮಾತು ನಿಜ. ಈಗ ಇದನ್ನು ಬರೆಯುವಾಗಲೂ ಅವಳ ಕಥೆ ಹೇಳುತ್ತಿರುವವಳು ನಾನು, ಅವಳ ಕೈಗೆ ಪೆನ್ನು ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಅವಳು ಎಲ್ಲಿ ತಪ್ಪುತ್ತಾಳೆಂದು ಕಾದು ಕೂತಿದ್ದೆ. ಗಾಲ್ ದೇಶದ, ಅಂದರೆ ಈಗಿನ ಫ್ರಾನ್ಸಿನ, ಕೆಲ್ಟರು ಕೊನೆಗೆ ಗುಡ್ಡದ ಮೇಲಿನ ಕೋಟೆಯೊಂದರಲ್ಲಿ ಸೇರಿಕೊಂಡದ್ದು, ರೋಮನ್ ಸೇನಾಪತಿ ಗುಡ್ಡದ ಸುತ್ತ ಗೋಡೆ ಕಟ್ಟಿ ದಾರಿ ಮುಚ್ಚಿದ್ದು, ಅಲ್ಲಿಯವರೆಗೆ ಬಂದಳು.

"ಒಂದಲ್ಲ, ಎರಡು ಗೋಡೆ," ಎಂದೆ. ದನಿ ನಾನೆಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಎಲ್ಲರೂ ತಿರುಗಿ ನೋಡಿದರು.

"ಹೌದಾ ಅಕ್ಕ? ಅದು ನನಗೆ ಗೊತ್ತಿಲ್ಲ. ನೀವೇ ಹೇಳಿ, ಬನ್ನಿ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮುಖ ಸಣ್ಣದು ಮಾಡಿಕೊಂಡಿದ್ದರೆ ನನಗೆಷ್ಟು ಹಿತವಾಗುತ್ತಿತ್ತು! ಅದನ್ನೂ ಮಾಡಲಿಲ್ಲ.

ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಹೇಳಿದೆ. ಒಳಗಿನವರು ಹೊರಗೆ ಬಾರದಂತೆ ಒಂದು ಗೋಡೆ, ಅವರನ್ನು ಬಿಡಿಸಲು ಬರುವ ನೆಂಟರ ಸೈನ್ಯಕ್ಕೆ ಅಡ್ಡವಾಗಿ ಇನ್ನೊಂದು, ನಡುವೆ ರೋಮನ್ನರು. ಕೋಟೆಯಲ್ಲಿ ಕಾಳು ಮುಗಿಯುತ್ತಾ ಬಂತು. ಮುದುಕರು, ಮಕ್ಕಳು, ಹೀಗೆ ಹೋರಾಡಲಾಗದವರನ್ನು ಕೋಟೆಯವರೇ ಹೊರಗೆ ಕಳಿಸಿದರು. ರೋಮನ್ನರು ಅವರನ್ನು ಗೋಡೆ ದಾಟಲು ಬಿಡಲಿಲ್ಲ. ಹಿಂದೆ ಕೋಟೆ, ಮುಂದೆ ಗೋಡೆ, ತಿನ್ನಲು ಏನೂ ಇಲ್ಲ. ನಾನು ಹೇಳುತ್ತಿದ್ದಂತೆ ಮಕ್ಕಳೆಲ್ಲ ಹತ್ತಿರ ಸರಿದವು. ನನ್ನ ಮಗಳು ತಲೆ ಎತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಗೆದ್ದೆ ಅಂದುಕೊಂಡೆ.

"ಅಮ್ಮಂದಿರೂ ಹೋದ್ರಾ? ಮಕ್ಕಳ ಜೊತೆ?" ಎಂದಳು ಮಗಳು.

ಕನ್ನಡದಲ್ಲಿ ಕೇಳಿದಳು. ಎಲ್ಲರೆದುರಿಗೆ ಕೇಳಿದಳು.

"ಹೌದು ಕಂದಾ," ಎಂದೆ. "ಅಮ್ಮಂದಿರೂ ಹೋದರು. ಮಕ್ಕಳನ್ನು ಬಿಟ್ಟು ಎಲ್ಲಿರ್ತಾರೆ?"

ಮಗಳು ಆಗ ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ಅವಳು ಎಲ್ಲಿ ನೋಡುತ್ತಿದ್ದಳೆಂದು ನಾನು ಗಮನಿಸಿಯೇ ಇರಲಿಲ್ಲ.

"ನಾನು ಆಂಟೀನ ಕೇಳಿದ್ದು, ಅಮ್ಮಾ," ಎಂದಳು.

ಒಂದು ತಪ್ಪಿಲ್ಲ, ತಡವರಿಕೆಯಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಮಗಳು ನನಗೆ ಹೇಳಿದ ಪೂರ್ತಿ ಕನ್ನಡ ವಾಕ್ಯ ಅದು.