ಕಿವಿಯ ಹಿಂದೆ ನೋಡುವ ಆಯಮ್ಮ

ಈಗಷ್ಟೇ ಬೆಳಕು ಹರಿಯುತ್ತಿದೆ. ಬಟ್ಟೆ ಕಾರ್ಖಾನೆಯ ಹಿಂಬದಿಯಲ್ಲಿ, ಕೆಲಸಗಾರರ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯ ಬಾಗಿಲಲ್ಲಿ ಆಯಮ್ಮ ಮಣೆ ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ. ಮಗು ಮಡಿಲಿಗೆ ಬಂದೊಡನೆ ಅವರ ಕಣ್ಣು ಹೋಗುವುದು ಕಿವಿಯ ಹಿಂದಕ್ಕೆ, ಆಮೇಲೆ ಹಣೆಯ ಕೂದಲಂಚಿಗೆ. ಪೌಡರ್ ಬಳಿದಿದ್ದರೆ ಒರೆಸಿಯೇ ನೋಡುತ್ತಾರೆ.

"ಅಷ್ಟು ಚೆಂದ ಮಾಡ್ಕೊಂಡು ಬಂದಿದ್ದೆ," ಎಂದು ತಾಯಿಯೊಬ್ಬಳು ಗೊಣಗುತ್ತಾಳೆ.

"ನಿನ್ನ ಮಗ ಮದುವೆಗೆ ಹೊರಟಿಲ್ಲ ಕಣೇ, ತೊಟ್ಟಿಲಿಗೆ ಹೊರಟಿದ್ದಾನೆ."

ಇಲ್ಲಿ ಮೂವತ್ತು ಮಕ್ಕಳಿದ್ದಾರೆ. ಅವರಲ್ಲಿ ಆರು ಕೂಸುಗಳಿಗೆ ದಡಾರದ ಲಸಿಕೆ ಹಾಕಿಸುವಷ್ಟು ವಯಸ್ಸಾಗಿಲ್ಲ. ಅವಕ್ಕೆ ಈ ಬಾಗಿಲೇ ಕಾವಲು.

ಆಯಮ್ಮನ ತಮ್ಮ ಇದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾನೆ. ಚಿಕ್ಕಂದಿನಲ್ಲಿ ದಡಾರ ಬಂದು ಅವನ ಕಿವಿ ಹೋಯಿತು. ಮಿಷನ್ನುಗಳ ಗದ್ದಲಕ್ಕೆ ಅಕ್ಕ ತಲೆ ಹಿಡಿದುಕೊಂಡರೆ, ತನಗೆ ಆ ಕಾಟವಿಲ್ಲ ಎಂದು ಕೈಸನ್ನೆಯಲ್ಲೇ ಛೇಡಿಸುತ್ತಾನೆ. ಅಕ್ಕ ನಗುತ್ತಾರೆ. ಆದರೆ ಮರೆತಿಲ್ಲ.

ದಡಾರದ ಲಕ್ಷಣಗಳನ್ನು ಆಯಮ್ಮನಿಗೆ ಕಲಿಸಿದವರು ಆಸ್ಪತ್ರೆಯ ಡಾಕ್ಟರಮ್ಮ. "ನಂಗೆ ರೋಗ ಗೊತ್ತಾಗಲ್ಲ. ಅನುಮಾನ ಗೊತ್ತಾಗುತ್ತೆ, ಅಷ್ಟೇ," ಎನ್ನುತ್ತಾರೆ ಆಯಮ್ಮ.

ಹೋದ ತಿಂಗಳು ಅಂಥದೊಂದು ಅನುಮಾನ ಬಂತು. ಗುಂಡಿ ಹೊಲಿಯುವ ಹೆಂಗಸೊಬ್ಬಳು ವಾರವಿಡೀ ಅಜ್ಜಿಯ ಮನೆಯಲ್ಲಿದ್ದ ಮಗನನ್ನು ಕರೆತಂದಿದ್ದಳು. ಕೆಂಪಾದ ಕಣ್ಣು, ಸುರಿಯುವ ಮೂಗು, ಕೆಮ್ಮು, ಮೈ ಕೆಂಡ. ಪೌಡರ್ ಒರೆಸಿದರೆ ಕಿವಿಯ ಹಿಂದೆಲ್ಲ ಕೆಂಪು ದದ್ದು. ಬಾಯಿ ತೆರೆಸಿದರೆ ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕಿ.

"ಬೆವರುಸಾಲೆ, ಆಯಮ್ಮ."

"ಬೆವರುಸಾಲೆ ಬಾಯೊಳಗೆ ಬರುತ್ತೇನೇ? ಆಸ್ಪತ್ರೆಗೆ ನಡಿ."

"ಇವತ್ತು ರಜ ಹಾಕಿದ್ರೆ ಕೆಲಸದಿಂದ ತೆಗೀತಾರೆ. ಕೂತ್ಕೊಂಡು ಹೇಳೋಕೆ ನಿಮಗೇನು!"

ಆಯಮ್ಮ ಕೈ ತೊಳೆದು, ಸೀರೆ ಬದಲಾಯಿಸಿ, ಬಾಗಿಲನ್ನು ಇನ್ನೊಬ್ಬ ಆಯಾಗೆ ಒಪ್ಪಿಸಿ, ನೇರ ಸೂಪರ್‌ವೈಸರ್ ಮುಂದೆ ಹೋಗಿ ನಿಂತರು.

"ಗುಂಡಿ ಹೊಲಿಯೋಳ ಜಾಗ ಅವಳಿಗೇ ಇರ್ಬೇಕು ಸಾರ್. ಇಲ್ಲಾಂದ್ರೆ ನಾಳೆಯಿಂದ ಎಲ್ರೂ ಕಾಯಿಲೆ ಮುಚ್ಚಿಟ್ಟೇ ಮಕ್ಕಳನ್ನ ತರ್ತಾರೆ. ಆಮೇಲೆ ಆ ಕೂಸುಗಳನ್ನ ಯಾರು ಕಾಯ್ತಾರೆ?"

ನೋಡೋಣ ಎಂದರು ಅವರು. ಆಯಮ್ಮ ಕದಲಲಿಲ್ಲ. ಕೊನೆಗೆ, "ಆಯ್ತಮ್ಮ, ನಿಮ್ಮ ಹಟವೇ ಗೆಲ್ಲಲಿ" ಎಂದರು.

ವಾಪಸು ಬಂದವರು ತಮ್ಮ ಊಟದ ಡಬ್ಬಿಯನ್ನು ಆ ತಾಯಿಯ ಕೈಗಿಟ್ಟರು. "ಆಸ್ಪತ್ರೇಲಿ ಸಾಲು ಉದ್ದ ಇರುತ್ತೆ. ಹಸ್ಕೊಂಡು ನಿಲ್ಬೇಡ."

ದಡಾರವೇ ಆಗಿತ್ತು. ಸೋಂಕು ಆಗಲೇ ಎದೆಗಿಳಿದಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ತೊಟ್ಟಿಲ ಕೂಸುಗಳಲ್ಲಿ ಒಂದಕ್ಕೂ ಅಂಟಲಿಲ್ಲ.

ಇವತ್ತು ಆ ಹುಡುಗ ಮರಳಿ ಬಂದಿದ್ದಾನೆ. ಮುಖಕ್ಕೆ ಪೌಡರ್ ಇಲ್ಲ. ಮಡಿಲೇರಿದವನು, ಯಾರೂ ಹೇಳದೆ, ಕಿವಿಯನ್ನು ತಾನೇ ಮಡಚಿ ಹಿಡಿದು ಕತ್ತು ತಿರುಗಿಸುತ್ತಾನೆ.

"ಮನೆಗೆ ಯಾರು ಬಂದ್ರೂ ಹೀಗೇ ತೋರಿಸ್ತಾನೆ," ಎನ್ನುತ್ತಾಳೆ ತಾಯಿ, ಡಬ್ಬಿ ಹಿಂತಿರುಗಿಸುತ್ತಾ.

ಆಯಮ್ಮ ಇಣುಕಿ ನೋಡಿ ಅವನನ್ನು ಒಳಗೆ ಬಿಡುತ್ತಾರೆ. "ಈ ಆರು ಕೂಸುಗಳಿಗೂ ಲಸಿಕೆ ಆಗೋವರೆಗೆ ನಾನು ಈ ಮಣೆ ಬಿಟ್ಟು ಏಳಲ್ಲ."

"ಆಮೇಲೆ?" ಎನ್ನುತ್ತಾಳೆ ತಾಯಿ.

"ಆಮೇಲೆ ಬೇರೆ ಕೂಸುಗಳು ಬರ್ತಾವಲ್ಲ," ಎನ್ನುತ್ತಾ ಮುಂದಿನ ಮಗುವಿಗೆ ಕೈ ಚಾಚುತ್ತಾರೆ.