ಹಿತ್ತಿಲ ಗೋಡೆಯ ಕಬ್ಬಿಣದ ಸ್ಟ್ಯಾಂಡು

ಮೆಟ್ರೋ ಇನ್ನೂ ಜನಕಪುರಿಯ ತನಕ ಬಂದಿರಲಿಲ್ಲ. ಯಜಮಾನರಿಗೆ ಮೈಸೂರಿನಿಂದ ವರ್ಗವಾಗಿ, ನಾವು ದೆಹಲಿಯ ಮೊದಲ ಚಳಿಗೆ ಎರಡೆರಡು ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದ ದಿನಗಳು. ಎರಡೇ ಕೋಣೆಯ ಮನೆ, ಹಿಂದೆ ಪುಟ್ಟ ಅಂಗಳ. ಊರಿನ ಸಾಮಾನೆಲ್ಲ ಅತ್ತೆಯ ಕೋಣೆಯಲ್ಲೇ ಗುಡ್ಡೆ ಬಿದ್ದಿತ್ತು. ಅವರು ಮಂಚದ ಮೇಲೆ ಮಗ್ಗುಲಾದರೆ ಸಾಕು, ಹಿತ್ತಾಳೆ ಹಂಡೆಗೆ ಕಾಲು ತಾಗಿ ಡಣ್ ಎನ್ನುತ್ತಿತ್ತು.

"ಈ ಪೆಟ್ಟಿಗೆಗಳ ಜೊತೆ ನಾನೂ ಒಂದು ಪೆಟ್ಟಿಗೆ ಅಂದ್ಕೊಂಡಿದ್ದೀರೇನೇ? ಹೀಗೇ ಆದ್ರೆ ಚಿಕ್ಕವನ ಮನೆಗೆ ಹೊರಟುಬಿಡ್ತೀನಿ."

ತಮಾಷೆಯ ದನಿಯೇ. ಆದರೆ ಟಿಕೆಟ್ಟಿನ ವಿಚಾರ ಎರಡು ಸಲ ಕೇಳಿದ್ದರು. ಅವರ ಗೊಣಗಾಟ ಕಿವಿಗೆ ಬೀಳದೆ ಒಗ್ಗರಣೆ ಹಾಕುವುದು ನನಗೆ ಅಭ್ಯಾಸವೇ ಇರಲಿಲ್ಲ.

ಅಂಗಳದಲ್ಲಿ ಸಾಮಾನಿನ ಗೂಡೊಂದನ್ನು ನಾನೇ ಕಟ್ಟುತ್ತೇನೆಂದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಹೆಮ್ಮಿಂಗು, ಕ್ರಾಸ್‌ಸ್ಟಿಚ್ಚು. ಸುತ್ತಿಗೆ ಹಿಡಿದವಳಲ್ಲ. ಆದರೂ ಸಾಮಾನು ತುಂಬಿ ಬಂದ ಮರದ ಪೆಟ್ಟಿಗೆಗಳ ಹಲಗೆ ಇತ್ತು, ಹೊಲಿಗೆಯ ಟೇಪಿತ್ತು. ಅತ್ತೆಯ ಕಿಟಕಿಯ ಕೆಳಗೆ, ಗೋಡೆಯಿಂದ ಕಬ್ಬಿಣದ ಸ್ಟ್ಯಾಂಡೊಂದು ಮೊದಲೇ ಚಾಚಿಕೊಂಡಿತ್ತು. ಹಳೆಯ ಬಾಡಿಗೆದಾರರು ಯಾಕೆ ಹಾಕಿಸಿದರೋ, ನನಗಂತೂ ಸಿದ್ಧವಾದ ಶೆಲ್ಫು! ಅದನ್ನು ಒಳಗೆ ಸೇರಿಸಿಕೊಂಡೇ ನಾಲ್ಕು ಕಂಬ, ಮೂರು ಕಡೆ ಹಲಗೆ, ಮೇಲೆ ತಗಡು. ಕಿಟಕಿ ಮುಚ್ಚಿಹೋಗುತ್ತಿತ್ತು, ನಿಜ. ಚಳಿಗೆ ಹೆದರಿ ಅತ್ತೆಯೇ ಅದರ ಸಂದಿಗೆಲ್ಲ ಪೇಪರು ತುರುಕಿದ್ದರಲ್ಲ.

ಪಕ್ಕದ ಮನೆಯ ಪಂಜಾಬಿ ಆಂಟಿ ಕಾಂಪೌಂಡಿನಿಂದ ಇಣುಕಿದರು. "ಇಲ್ಲೇನಾ? ಈ ಖಿಡಕಿ ಹತ್ರಾನೇ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು ಆಂಟೀಜಿ."

"ಮತ್ತೆ ಕೂಲರ್?"

ಬಾಯಿಂದ ಹೊಗೆಯಂತೆ ಉಸಿರು ಬರುವಾಗ ಇವರಿಗೆ ಕೂಲರ್ ಯಾಕೆ ನೆನಪಾಯಿತು? ನಮ್ಮಲ್ಲಿ ಕೂಲರ್ ಇಲ್ಲವೆಂದೆ. "ಅಚ್ಛಾ..." ಎಂದವರು, ತಪ್ಪು ಬಣ್ಣದ ಲೈನಿಂಗ್ ಕೊಟ್ಟಾಗ ದರ್ಜಿ ನೋಡುವ ಹಾಗೆ ನನ್ನನ್ನು ನೋಡಿ ಒಳಗೆ ಹೋದರು. ಪ್ರತಿ ಮಾತೂ ಅರ್ಥವಾಗಿತ್ತು, ಆ ನೋಟ ಮಾತ್ರ ಆಗಲಿಲ್ಲ.

ಐದು ದಿನ ಹಿಡಿಯಿತು. ಬಾಗಿದ ಮೊಳೆಗಳನ್ನು ನೆಟ್ಟಗೆ ಮಾಡಿ ಮತ್ತೆ ಹೊಡೆದೆ. ಒಂದು ಹಲಗೆಯ ಮೇಲೆ 'ನೆನೆಸಬೇಡಿ' ಎಂದು ಮುದ್ರಿಸಿದ್ದ ಛತ್ರಿ ತಲೆಕೆಳಗಾಯಿತು. ಹಂಡೆ, ಪೆಟ್ಟಿಗೆ ಎಲ್ಲ ಒಳಸೇರಿದವು. ಸ್ಟ್ಯಾಂಡಿನ ಮೇಲೆ ಉಪ್ಪಿನಕಾಯಿ ಜಾಡಿ ಸಾಲಾಗಿ ಕೂತವು.

"ಈಗ ಮನುಷ್ಯರು ಇರೋ ಕೋಣೆ ಆಯ್ತು ನೋಡು," ಎಂದು ಅತ್ತೆ ಮಂಚದಲ್ಲಿ ಕೈಕಾಲು ಚಾಚಿದರು.

ಏಪ್ರಿಲ್ಲಿನಲ್ಲಿ ಸೆಕೆ ಒಮ್ಮೆಲೇ ನುಗ್ಗಿತು. ಒಂದು ಬೆಳಿಗ್ಗೆ ಹಿಂದಿನ ಗಲ್ಲಿಯಲ್ಲಿ ಲಾವಂಚದ ವಾಸನೆ. ಎಲ್ಲರೂ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ತಂಪು ಮಾಡುವ ತಗಡಿನ ಕೂಲರುಗಳನ್ನು ಹೊರಗೆಳೆದು ಹುಲ್ಲು ಬದಲಿಸುತ್ತಿದ್ದರು. ಒಬ್ಬೊಬ್ಬರ ಕಿಟಕಿಯ ಹೊರಗೂ ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಕಿಟಕಿಗೆ ಬಾಯಿಟ್ಟು ಕೂತ ಕೂಲರು. ನಾನು ಕೈಯಲ್ಲಿ ಪೊರಕೆ ಹಿಡಿದು ನಿಂತೇಬಿಟ್ಟೆ.

"ನೀವು ಏಸಿ ಹಾಕಿಸ್ತೀರಿ ಅಂದ್ಕೊಂಡೆ," ಎಂದರು ಆಂಟಿ.

ಒಳಗೆ ಅತ್ತೆ ಒದ್ದೆ ಟವೆಲು ಹೊದ್ದು ನೆಲದ ಮೇಲೆ ಮಲಗಿದ್ದರು. ಮೂರು ದಿನದಿಂದ ಗೊಣಗಿರಲಿಲ್ಲ. "ಟಿಕೆಟ್ ಯಾವಾಗಿನದು ಸಿಗಬಹುದು?" ಎಂದು ಮೆತ್ತಗೆ ಕೇಳಿದರು. ಈ ಸಲ ತಮಾಷೆಯ ದನಿ ಇರಲಿಲ್ಲ. ಅವರು ಇರಲಿ ಎಂದೇ ಕಟ್ಟಿದ್ದೆ, ಅವರ ಗಾಳಿಗೇ ಅಡ್ಡ ಕಟ್ಟಿದ್ದೆ.

ಯಜಮಾನರು ಅಂದೇ ಕೂಲರ್ ತಂದರು. ನಾನು ಹಲಗೆ ಕೀಳತೊಡಗಿದೆ.

"ಅಷ್ಟು ಕಷ್ಟಪಟ್ಟು ಕಟ್ಟಿದ್ದಲ್ಲೇ?" ಅತ್ತೆ ಕಿಟಕಿಯ ಒಳಗಿಂದ ಕೇಳಿದರು. ನಾನು ಇನ್ನೊಂದು ಮೊಳೆ ಎಳೆದೆ. ಕೂಲರಿಗೆ ನೆರಳಾಗಲೆಂದು ತಗಡನ್ನು ಮಾತ್ರ ನಾಲ್ಕು ಕಂಬದ ಮೇಲೆ ಉಳಿಸಿದೆ. ಜಾಡಿಗಳಿದ್ದ ಜಾಗದಲ್ಲಿ ಕೂಲರು ಅಳತೆ ತೆಗೆದಂತೆ ಕೂತಿತು.

ಸಂಜೆ ಒದ್ದೆ ಹುಲ್ಲಿನ ತಣ್ಣನೆ ಗಾಳಿ ಕೋಣೆ ತುಂಬಿತು. ನಾನು ಬಾಗಿಲಲ್ಲೇ ನಿಂತಿದ್ದೆ.

"ಏನೇ ಇದು, ಮೂಳೆ ಕೊರೆಯೋ ಚಳಿ! ಸ್ವಲ್ಪ ಕಮ್ಮಿ ಮಾಡಬಾರದಾ? ಆ ಹಂಡೆ ಎಲ್ಲಿಟ್ಟೆ?"

"ನಮ್ಮ ಮಂಚದ ಹತ್ರ, ಅತ್ತೆ."

"ಸರಿ ಬಿಡು, ಇನ್ನು ಅವನ ಕಾಲಿಗೆ ತಾಗಲಿ," ಎಂದು ಹೊದಿಕೆ ಎಳೆದುಕೊಂಡರು. ನಾನು ಒಗ್ಗರಣೆಗೆ ಎಣ್ಣೆ ಇಟ್ಟೆ.