ಗುಟ್ಟೇ ಇರಲಿಲ್ಲ ಎಂದ ಅಣ್ಣ

ದೊಡ್ಡಬಳ್ಳಾಪುರದಲ್ಲಿ ಕರೆಂಟಿನ ಮಗ್ಗಗಳು ಹೆಚ್ಚುತ್ತಿದ್ದ ಎಪ್ಪತ್ತರ ದಶಕದ ಮಾತು. ನಾನು ಮನೆಯಲ್ಲಿ ಅಂಥದೊಂದರಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದೆ. ಪಕ್ಕದಲ್ಲೇ ಅಣ್ಣನ ಲೇತ್ ಶೆಡ್ಡು. ಅಡ್ಡನೂಲು ಹರಿದರೂ ಮಗ್ಗ ತನ್ನ ಪಾಡಿಗೆ ಬಡಿಯುತ್ತಲೇ ಇರುತ್ತಿತ್ತು, ಸೀರೆ ಹಾಳಾಗುತ್ತಿತ್ತು. ನೂಲು ಹರಿದಾಗ ಮಗ್ಗ ನಿಲ್ಲಿಸಲೆಂದು ಗಿರಣಿಯವರು ಹಾಕುವ ಕಬ್ಬಿಣದ ಕಡ್ಡಿ ನಮ್ಮ ತೆಳ್ಳನೆಯ ಎಳೆಗೆ ಭಾರ. ಒಂದು ದಿನ ಬೇಸತ್ತು, ತಲೆಯಿಂದ ಹೇರ್‌ಪಿನ್ನು ತೆಗೆದು ಬಗ್ಗಿಸಿ ಆ ಜಾಗಕ್ಕೆ ಕಟ್ಟಿದೆ. ನೂಲು ಹರಿದೊಡನೆ ಮಗ್ಗ ನಿಂತಿತು. ಅಣ್ಣನನ್ನು ಕೂಗಿದೆ. ಇಬ್ಬರೂ ಕೂತು ವರ್ಷವಿಡೀ ಅದನ್ನು ತಿದ್ದಿದೆವು. ತಂತಿಯನ್ನು ಎಷ್ಟು ಕಾಯಿಸಬೇಕು, ಎಲ್ಲಿ ಬಾಗಿಸಬೇಕು ಎನ್ನುವುದು ನಮ್ಮಿಬ್ಬರಿಗಷ್ಟೇ ಗೊತ್ತಿತ್ತು.

ಬೆಂಗಳೂರಿನ ಯಂತ್ರದ ಕಂಪನಿಯೊಂದು, ಶೆಡ್ಡನ್ನೂ ನಮ್ಮ ಈ ಹೊಸ ಕಡ್ಡಿಯನ್ನೂ ಒಟ್ಟಿಗೆ ಕೊಳ್ಳುತ್ತೇವೆಂದು ಬಂತು. ಮೊದಲು ಎಲ್ಲ ನೋಡಬೇಕೆಂದರು. ನಮ್ಮ ವಕೀಲರು ಛಾಪಾ ಕಾಗದದ ಮೇಲೆ ಕರಾರು ಬರೆಸಿದರು: ವ್ಯಾಪಾರ ಕುದುರದಿದ್ದರೆ ಕಂಪನಿ ಕಂಡದ್ದನ್ನು ಯಾರಿಗೂ ಹೇಳಕೂಡದು, ತಾನೂ ಮಾಡಕೂಡದು. ಎಲ್ಲರೂ ಸಹಿ ಹಾಕಿದೆವು. ಅವರ ಇಂಜಿನಿಯರು ಮೂರು ದಿನ ಬಂದು ಬರೆದುಕೊಂಡ. ನಮ್ಮನೆಯಲ್ಲೇ ಉಂಡ. ಮುದ್ದೆ ನುಂಗುವುದನ್ನೂ ನನ್ನಿಂದಲೇ ಕಲಿತ. ಆಮೇಲೆ, ಕೊಳ್ಳುವ ಮನಸ್ಸಿಲ್ಲವೆಂದು ಕಾಗದ ಬಂತು.

ಐದಾರು ತಿಂಗಳಾದ ಮೇಲೆ ನಮ್ಮ ಬೀದಿಯ ಹೊಸ ಮಗ್ಗವೊಂದರಲ್ಲಿ ನನ್ನ ಕಡ್ಡಿ ಕಂಡಿತು. ಹಸಿರು ಬಣ್ಣ, ಕಂಪನಿಯ ಮೊಹರು. ಬಾಗು ಮಾತ್ರ ನಾನು ಕೊಟ್ಟದ್ದೇ.

"ಕೋರ್ಟಿಗೆ ಹಾಕಣ ಅಣ್ಣ" ಎಂದೆ.

"ದೊಡ್ಡೋರ ಸಾವಾಸ ಬ್ಯಾಡ ಕಣಮ್ಮ."

ಹೆದರಿದ್ದಾನೆ ಎಂದುಕೊಂಡು ನಾನೊಬ್ಬಳೇ ದಾವೆ ಹೂಡಿದೆ.

ವಿಚಾರಣೆಯ ದಿನ ಕಂಪನಿಯ ವಕೀಲರು ತಮ್ಮ ಸಾಕ್ಷಿಯನ್ನು ಕರೆಸಿದರು. ಕಟಕಟೆ ಹತ್ತಿದವನು ಅಣ್ಣ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಇದ್ರಲ್ಲಿ ಗುಟ್ಟು ಅನ್ನೋದೇನೂ ಇಲ್ಲ ಸ್ವಾಮಿ. ಊರಲ್ಲಿ ಮಗ್ಗದೋರೆಲ್ಲ ಹಿಂಗೇ ಪಿನ್ನು ಕಟ್ಕೊತಿದ್ರು."

"ಇದನ್ನು ಮೊದಲು ಮಾಡಿದ್ದು ನಿಮ್ಮ ತಂಗಿ ಅಲ್ಲವೇ?" ಎಂದು ನನ್ನ ವಕೀಲರು ಕೇಳಿದರು.

"ಯಾರನ್ನೋ ನೋಡಿ ಕಲ್ತಿರ್ಬೇಕು."

ಕಂಪನಿಯಲ್ಲಿ ಮೇಸ್ತ್ರಿ ಕೆಲಸಕ್ಕೆ ಸೇರಿದ್ದೇನೆಂದೂ ಅಲ್ಲೇ ಒಪ್ಪಿಕೊಂಡ. ಆದರೆ ಜೊತೆಗೆ ಕೂತು ಮಾಡಿದವನೇ ಗುಟ್ಟಿಲ್ಲ ಎಂದ ಮೇಲೆ ನನ್ನ ಮಾತಿಗೆ ಬಲವೆಲ್ಲಿ? ಎಲ್ಲರಿಗೂ ತಿಳಿದ ಸಂಗತಿಗೆ ಕರಾರು ಅನ್ವಯಿಸದು ಎಂದು ದಾವೆ ವಜಾ ಆಯಿತು.

ತೀರ್ಪಿನ ದಿನ ಹೊರಗೆ ಅವನನ್ನು ತಡೆದು ನಿಲ್ಲಿಸಿದೆ. "ಯಾಕಣ್ಣ?"

"ನೀನು ಇವತ್ತಲ್ಲ ನಾಳೆ ಗಂಡನ ಮನೆಗೆ ಹೋಗೋಳು. ನಾನು ಎಷ್ಟು ದಿನ ಆ ಶೆಡ್ಡಲ್ಲೇ ಕೂತಿರ್ಲಿ?"

ಕಂಪನಿಯ ಮೇಲೆ ಸಿಟ್ಟು ಬಂದಿತ್ತು. ಅಣ್ಣನ ಮೇಲೆ ಅದೂ ಬರಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಎರಡು ವರ್ಷ ಮಾತು ಬಿಟ್ಟಿದ್ದೆ. ಅವನು ಬೆಂಗಳೂರಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಅಮ್ಮನ ಬಲವಂತಕ್ಕೆ ಹೋದೆ. ಆ ಇಂಜಿನಿಯರೂ ಬಂದಿದ್ದ. ಅವನಿಗೆ ನನ್ನ ಗುರುತು ಸಿಗಲಿಲ್ಲ. ಅಣ್ಣ ಅವನಿಗೆ ನನ್ನನ್ನು ತೋರಿಸಿ, "ನಮ್ ತಂಗಿ, ಸಾರ್. ಊರಲ್ಲಿ ಮಗ್ಗ ನೇಯ್ತಾಳೆ" ಎಂದ.